21 ದಿನದ ಲೆಕ್ಕ ಮತ್ತು ಖಾಕಿ ಅಂಗಿಯ ಜೇಬು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಎರಡು ತಿಂಗಳ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಅಭ್ಯಾಸಗಳ ಬಗ್ಗೆ ಒಂದು ಬರಹ ಬಂದಿತ್ತು. 21 ದಿನ ಬಿಡದೆ ಮಾಡಿದರೆ ಯಾವ ಅಭ್ಯಾಸವನ್ನಾದರೂ ಬದಲಾಯಿಸಬಹುದು ಅಂತ ಅದರಲ್ಲಿತ್ತು. ಬರಹವೇನೋ ಚೆನ್ನಾಗಿತ್ತು. ಆ ಲೆಕ್ಕ ಮಾತ್ರ ತಪ್ಪು. ಅದರಿಂದ ನಮ್ಮ ಬೀದಿಯ ಒಬ್ಬ ಹುಡುಗನಿಗೆ ತೊಂದರೆಯೂ ಆಯಿತು. ಅದಕ್ಕೇ ಈ ಪತ್ರ. ಉದ್ದವಾದರೆ ಎಲ್ಲಿ ಬೇಕಾದರೂ ಕತ್ತರಿಸಿ, ಬಾಯಿಯ ವಿಷಯ ಒಂದನ್ನು ಬಿಡಬೇಡಿ.

ಆ ಹುಡುಗ ಗೂಡ್ಸ್ ಆಟೊ ಓಡಿಸುತ್ತಾನೆ. ತೆಂಗಿನಕಾಯಿ, ಕೊಬ್ಬರಿ ಮೂಟೆ ಮಾರುಕಟ್ಟೆಗೆ ಹೊಡೆಯುವ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಪಾಕೆಟ್ ತಂಬಾಕು ಹಾಕುತ್ತಿದ್ದ. ನಿಮ್ಮ ಬರಹ ಓದಿ, ಪೇಪರ್ ಕತ್ತರಿಸಿ ಆಟೊದ ಗ್ಲಾಸಿಗೆ ಅಂಟಿಸಿಕೊಂಡ. 21 ದಿನ ಹಲ್ಲು ಕಚ್ಚಿಕೊಂಡು ಇದ್ದ. 22ನೇ ದಿನ ಆಸೆ ಹೋಗಿರುತ್ತೆ ಅಂದುಕೊಂಡಿದ್ದ. ಹೋಗಿರಲಿಲ್ಲ. 23ನೇ ದಿನ ಸ್ನೇಹಿತನ ಮದುವೆಯಲ್ಲಿ ಒಂದು ಹಾಕಿದ. ಸಂಜೆ ನಮ್ಮ ಜಗಲಿ ಮೇಲೆ ಕೂತು, "ಮಾಮ, ಎಲ್ಲರಿಗೂ 21 ದಿನಕ್ಕೆ ಹೋಗುತ್ತಂತೆ. ನನಗೆ ಮಾತ್ರ ಹೋಗ್ಲಿಲ್ಲ. ನನ್ನಲ್ಲೇ ಏನೋ ದೋಷ ಇದೆ" ಅಂದ. ಮಾರನೆಯ ದಿನದಿಂದ ಮೊದಲಿಗಿಂತ ಜಾಸ್ತಿಯೇ ಶುರು ಮಾಡಿದ.

ನನಗೆ ಹೊಟ್ಟೆ ಉರಿದುಹೋಯಿತು. ಏಕೆಂದರೆ ನಾನೂ ಅದೇ ದಾರಿಯಲ್ಲಿ ಬಂದವನು.

1986ರಿಂದ 2019ರವರೆಗೆ ನಾನು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದೆ. ಹೆಚ್ಚು ವರ್ಷ ಓಡಿಸಿದ್ದು ಶಿವಮೊಗ್ಗ–ಬೆಂಗಳೂರು ರೂಟು, ನಮ್ಮ ಬಿ.ಎಚ್. ರಸ್ತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ರಾತ್ರಿ ಡ್ಯೂಟಿಗೆ ನಿದ್ದೆ ಬರಬಾರದು ಅಂತ ಹಿರಿಯ ಡ್ರೈವರ್‌ಗಳು ಹೊಗೆಸೊಪ್ಪು ಕೊಟ್ಟರು. ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿ ಕೆಳತುಟಿಯೊಳಗೆ ಇಟ್ಟುಕೊಳ್ಳುವುದು. ಆಮೇಲೆ ಗುಟ್ಕಾ ಪಾಕೆಟ್ ಬಂತು. ತಿಕ್ಕುವ ಕೆಲಸವೂ ತಪ್ಪಿತು. ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ಕೈಯಲ್ಲಿ ಪಾಕೆಟ್, ಹಲ್ಲಲ್ಲಿ ಹರಿದು ಬಾಯಿಗೆ.

ನನ್ನ ಗುಟ್ಕಾಕ್ಕೂ ರಸ್ತೆಯ ಊರುಗಳಿಗೂ ಒಂದು ಒಪ್ಪಂದ ಇದ್ದ ಹಾಗಿತ್ತು. ಭದ್ರಾವತಿ ದಾಟಿ ಟ್ರಾಫಿಕ್ ಕಡಿಮೆ ಆದ ತಕ್ಷಣ ಒಂದು. ತರೀಕೆರೆಯಲ್ಲಿ ಜನ ಇಳಿದು ಹತ್ತಿದ ಮೇಲೆ ಒಂದು. ಬೀರೂರು–ಕಡೂರು ಹತ್ತಿರ ಹತ್ತಿರ ಇರುವುದರಿಂದ ಎರಡಕ್ಕೂ ಸೇರಿ ಒಂದು. ಅರಸೀಕೆರೆ ಸ್ಟ್ಯಾಂಡಿನಲ್ಲಿ ಟೀ ಕುಡಿದ ಮೇಲೆ ಕಡ್ಡಾಯವಾಗಿ ಒಂದು. ತಿಪಟೂರಿಗೆ ಬಂದರೆ ನನ್ನ ಊರು, ಪರಿಚಯದವರು ನೋಡುತ್ತಾರೆ, ಹಾಗಾಗಿ ಇಲ್ಲ. ಆ ಬಾಕಿ ಕೆ.ಬಿ. ಕ್ರಾಸ್‌ನಲ್ಲಿ ತೀರುತ್ತಿತ್ತು. ಗುಬ್ಬಿಗೆ ಒಂದು. ತುಮಕೂರು ಬಿಟ್ಟ ಮೇಲೆ ಬೆಂಗಳೂರಿನ ಟ್ರಾಫಿಕ್ ನೆನೆಸಿಕೊಂಡು ಒಂದು. ಹೋಗಿ ಬಂದು ಲೆಕ್ಕ ಹಾಕಿದರೆ ಹದಿನಾಲ್ಕು.

ಇದೆಲ್ಲ ನನಗೆ ಗೊತ್ತಿದ್ದು ಮಾಡುತ್ತಿದ್ದದ್ದಲ್ಲ. ಒಂದು ಸಲ ತುಮಕೂರಿನಲ್ಲಿ ಕಂಡಕ್ಟರ್ ಹತ್ತಿರ, "ಇವತ್ತು ಎರಡೇ ಹಾಕಿರೋದು" ಅಂತ ಜಂಭ ಕೊಚ್ಚಿಕೊಂಡೆ. ಅವನು ನಗುತ್ತಾ ನನ್ನ ಸೀಟಿನ ಪಕ್ಕ ತೋರಿಸಿದ. ಐದು ಖಾಲಿ ಪಾಕೆಟ್ ಬಿದ್ದಿದ್ದವು. ದೇವರಾಣೆ, ಮೂರನ್ನು ಹರಿದದ್ದು ನನಗೆ ನೆನಪೇ ಇರಲಿಲ್ಲ.

ಈ ನೆನಪಿಲ್ಲದೆ ಮಾಡುವುದು ಬರೀ ಕೆಟ್ಟದ್ದು ಅಂತ ಮಾತ್ರ ತಿಳಿಯಬೇಡಿ. ನನ್ನನ್ನೂ ಅರವತ್ತು ಜನರನ್ನೂ ಒಂದು ದಿನ ಅದೇ ಉಳಿಸಿದೆ. ಕೆಲಸ ಕಲಿಸಿದ ಹಿರಿಯರು ಒಂದು ಪಾಠ ಹೇಳಿಕೊಟ್ಟಿದ್ದರು. ಬಸ್ ಎತ್ತುವ ಮುಂಚೆ ಒಂದು ಸುತ್ತು ಬಾ. ಟೈರಿಗೆ ರಾಡಿನಿಂದ ಒಂದೊಂದು ಏಟು ಹಾಕು, ಶಬ್ದ ಕೇಳು. ನಟ್ಟಿನ ಮೇಲೆ ಕೈ ಆಡಿಸು. ಆಮೇಲೆ ಸೀಟು ಹತ್ತು. ಮೊದಲ ವರ್ಷ ಬೈಸಿಕೊಂಡು ಮಾಡಿದೆ. ಆಮೇಲೆ ಕಾಲೇ ಸುತ್ತು ಹಾಕುತ್ತಿತ್ತು.

ಒಂದು ಹಳ್ಳಿಯಲ್ಲಿ ನೈಟ್ ಹಾಲ್ಟ್ ಇತ್ತು. ಬೆಳಗಿನ ಜಾವ ನನಗೆ ಮೈ ಸುಡುವ ಜ್ವರ. ಕಣ್ಣು ಬಿಡಲು ಆಗುತ್ತಿಲ್ಲ. ಸುಮ್ನೆ ಹತ್ತಿ ಕೂತು ಹೊರಟುಬಿಡೋಣ ಅನ್ನುವ ಸ್ಥಿತಿ. ಆದರೂ ಕಾಲು ಸುತ್ತು ಹಾಕಿತು, ಕೈ ನಟ್ಟಿನ ಮೇಲೆ ಆಡಿತು. ಹಿಂದಿನ ಎಡಗಡೆ ಚಕ್ರದಲ್ಲಿ ಎರಡು ನಟ್ಟು ಬೆರಳಿಗೇ ತಿರುಗುವಷ್ಟು ಸಡಿಲ. ಬುದ್ಧಿ ಮಲಗಿತ್ತು, ಕೈ ಎದ್ದಿತ್ತು. ಗುಟ್ಕಾ ಪಾಕೆಟ್ ಹರಿಯುತ್ತಿದ್ದದ್ದೂ ಅದೇ ಕೈ.

ಅದು ನನಗೆ ಅರ್ಥವಾಗಲು ಇನ್ನೂ ಬಹಳ ವರ್ಷ ಬೇಕಾಯಿತು.

2011ರಲ್ಲಿ ಡ್ರೈವರ್, ಕಂಡಕ್ಟರ್‌ಗಳಿಗೆ ಅಂತ ಒಂದು ಹಲ್ಲಿನ ತಪಾಸಣೆ ಶಿಬಿರ ಮಾಡಿದ್ದರು. ನಾನು ಹೋದದ್ದು ಹಲ್ಲಿಗಲ್ಲ, ಬಿಸ್ಕತ್ತು ಟೀ ಕೊಡುತ್ತಾರೆ ಅಂತ. ಮಗಳ ವಯಸ್ಸಿನ ಒಬ್ಬರು ಡಾಕ್ಟರಮ್ಮ ಕೂತಿದ್ದರು. "ಯಜಮಾನ್ರೇ, ಮೂರು ಬೆರಳು ಜೋಡಿಸಿ. ಒಂದರ ಮೇಲೊಂದು ಬರೋ ಹಾಗೆ ನೆಟ್ಟಗೆ ಬಾಯೊಳಗೆ ಇಡಿ" ಅಂದರು. ಇಟ್ಟೆ. ಎರಡು ಹೋಯಿತು. ಮೂರನೆಯದು ಹೋಗಲಿಲ್ಲ. ಬಾಯಿ ಇನ್ನೂ ತೆಗೀರಿ ಅಂದರು. ಅದೇ ಪೂರ್ತಿ ತೆಗೆದದ್ದು ಅಂದೆ. ಆಗ ಅವರ ಮುಖ ಗಂಭೀರ ಆಯಿತು. ಕೆನ್ನೆಯ ಒಳಗಡೆ ಬೆರಳಿಟ್ಟು ನೋಡಿ, ಒಳಚರ್ಮ ಗಟ್ಟಿಯಾಗಿ ಪಟ್ಟಿ ಕಟ್ಟಿದೆ, ಬೆಳ್ಳಗಾಗಿದೆ ಅಂದರು. ಮನೆಯಲ್ಲಿ ಖಾರದ ಸಾರು ಉಂಡರೆ ಬಾಯಿ ಉರಿಯುತ್ತಾ ಅಂತ ಕೇಳಿದರು. ಉರಿಯುತ್ತಿತ್ತು. ಎರಡು ವರ್ಷದಿಂದ ನಾನು ಅದಕ್ಕೆ ಹೆಂಡತಿಯನ್ನು ಬೈಯುತ್ತಿದ್ದೆ, ಖಾರ ಜಾಸ್ತಿ ಹಾಕುತ್ತೀಯ ಅಂತ.

ತಂಬಾಕಿನಿಂದಲಾ ಅಂತ ಕೇಳಿದೆ. ಬಾಯಿ ಹೀಗೆ ಬಿಗಿಯೋದಕ್ಕೆ ಮುಖ್ಯ ಕಾರಣ ಗುಟ್ಕಾದೊಳಗಿನ ಅಡಿಕೆ, ತಂಬಾಕು ಸೇರಿದರೆ ಕ್ಯಾನ್ಸರ್ ಅಪಾಯ ಇನ್ನೂ ಹೆಚ್ಚು ಅಂದರು. ಈ ಮಾತು ನಮ್ಮ ಕಡೆ ಯಾರಿಗೂ ಇಷ್ಟ ಆಗುವುದಿಲ್ಲ. ನಮ್ಮ ಮಾವನವರದೂ ಅಡಿಕೆ ತೋಟವೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ 2004ರಲ್ಲೇ ಸೇರಿಸಿದೆ. ತೋಟದವರು ಬೇಸರ ಮಾಡಿಕೊಳ್ಳಬೇಡಿ. ಬಾಯಿ ನನ್ನದು, ಹೇಳಲೇಬೇಕು.

2012ರ ಯುಗಾದಿ ದಿನ ಬೇವು ಬೆಲ್ಲ ತಿಂದು, ಇವತ್ತಿಂದ ಗುಟ್ಕಾ ಇಲ್ಲ ಅಂದೆ. ಒಂಬತ್ತು ದಿನ ನಡೆಯಿತು. ತಲೆನೋವು, ಹೊಟ್ಟೆ ಕಟ್ಟಿತು, ರಾತ್ರಿ ನಿದ್ದೆ ಇಲ್ಲ, ಚಿಲ್ಲರೆ ಕೇಳಿದ ಪ್ರಯಾಣಿಕರ ಮೇಲೆ ಕೂಗಾಟ. ಹತ್ತನೇ ದಿನ ಕೆ.ಬಿ. ಕ್ರಾಸ್‌ನಲ್ಲಿ ಬಸ್ ನಿಂತಾಗ ಕೈ ತಾನೇ ಕಿಟಕಿಯಿಂದ ಹೊರಗೆ ಹೋಯಿತು. ಅಂಗಡಿಯವನು ಕೇಳದೇ ಪಾಕೆಟ್ ಇಟ್ಟ. ಅವನಿಗೂ ಅಭ್ಯಾಸ ಅಲ್ವಾ?

ಎರಡನೇ ಸಲ ಧರ್ಮಸ್ಥಳಕ್ಕೆ ಹೋಗಿ ಮಂಜುನಾಥನ ಮುಂದೆ ಆಣೆ ಮಾಡಿದೆ. ಇದು 43 ದಿನ ನಡೆಯಿತು. ಸಂಪಾದಕರೇ, ಗಮನಿಸಿ. 21ರ ಎರಡರಷ್ಟು ದಾಟಿದ್ದೆ. 44ನೇ ದಿನ ರಾತ್ರಿ ಡ್ಯೂಟಿ, ಮಳೆ, ಬಾಣಾವರದ ಹತ್ತಿರ ಕಣ್ಣು ಎಳೆಯಿತು, ಮುರಿದೆ. ಈ ಸಲ ಗುಟ್ಕಾ ಜೊತೆಗೆ ಆಣೆ ಮುರಿದ ಪಾಪ ಬೇರೆ. ಪಾಪ ಹೇಗೂ ಬಂತಲ್ಲ ಅಂತ ದಿನಕ್ಕೆ ಹದಿನೆಂಟು ಮಾಡಿದೆ. ಮನೆಯಲ್ಲಿ ಹೆಂಡತಿ, "ಹುಟ್ಟುಗುಣ ಸುಟ್ಟರೂ ಹೋಗಲ್ಲ ಬಿಡ್ರಿ" ಅಂದಳು. ಅವಳು ಅಂದದ್ದು ಸಿಟ್ಟಿಗೆ. ಆದರೆ ಆ ಗಾದೆ ನನ್ನ ತಲೆಯಲ್ಲಿ ಬಹಳ ದಿನ ತಿರುಗಿತು. ಈ ಚಟ ಹುಟ್ಟಿನಿಂದ ಬಂದದ್ದಲ್ಲವಲ್ಲ. 1986ರಲ್ಲಿ ಡಿಪೋದಲ್ಲಿ ಬಂದದ್ದು!

ಬಾಯಿ ತೋರಿಸಲು ಮತ್ತೆ ಅದೇ ಡಾಕ್ಟರಮ್ಮನ ಹತ್ತಿರ ಹೋದಾಗ ಎಲ್ಲ ಹೇಳಿಕೊಂಡೆ. ಅವರು ಬೈಯಲಿಲ್ಲ. "ಯಾವ್ ಯಾವ್ ಜಾಗದಲ್ಲಿ ಹಾಕ್ತೀರಿ, ಒಂದು ವಾರ ಬರೆದುಕೊಂಡು ಬನ್ನಿ. ಬಿಡೋದು ಬೇಡ ಈಗ, ಸುಮ್ನೆ ಬರೀರಿ" ಅಂದರು. ನನಗೆ ವಿಚಿತ್ರ ಅನಿಸಿತು. ಬರೆದೆ. ಮೇಲೆ ಹೇಳಿದ ಊರುಗಳ ಪಟ್ಟಿ ಹುಟ್ಟಿದ್ದೇ ಹಾಗೆ. ಆ ಚೀಟಿ ನೋಡಿದಾಗಲೇ ನನಗೆ ತಿಳಿದದ್ದು, ರಜೆಯಲ್ಲಿ ಮನೆಯಲ್ಲಿದ್ದ ಎರಡು ದಿನ ಹಾಕಿದ್ದು ಬರೀ ಮೂರು ಅಂತ. ಆಸೆ ನನ್ನೊಳಗೆ ಮಾತ್ರ ಕೂತಿರಲಿಲ್ಲ. ಅರ್ಧ ಆ ರಸ್ತೆಯಲ್ಲಿ, ಆ ಸೀಟಿನಲ್ಲಿ, ಖಾಕಿ ಅಂಗಿಯ ಎಡಗಡೆ ಜೇಬಿನಲ್ಲಿ ಕೂತಿತ್ತು.

ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವ ಪ್ರಯತ್ನ ಅಲ್ಲಿಗೇ ಬಿಟ್ಟೆ. ಆ ವರ್ಷದ ದೀಪಾವಳಿ ಮುಗಿದ ವಾರ ಕೆಲವು ಸಣ್ಣ ಕೆಲಸ ಮಾಡಿದೆ. ಮೇಲಿನವರ ಕೈಕಾಲು ಹಿಡಿದು ರಾತ್ರಿ ಡ್ಯೂಟಿ ಬಿಟ್ಟು, ಹಗಲಿನ ಬೇರೆ ರೂಟು ಹಾಕಿಸಿಕೊಂಡೆ. ಹೊಸ ರಸ್ತೆಯಲ್ಲಿ ನನ್ನ ಕೈಗೆ ಯಾವ ಊರೂ ಪರಿಚಯ ಇರಲಿಲ್ಲ. ಹೆಂಡತಿ ಒಣ ಕೊಬ್ಬರಿಯನ್ನು ಸಣ್ಣ ಚೂರು ಮಾಡಿ, ಸೋಂಪು ಬೆರೆಸಿ ಒಂದು ಪೊಟ್ಟಣ ಕಟ್ಟಿ ಅದೇ ಎಡಗಡೆ ಜೇಬಿಗೆ ಹಾಕುತ್ತಿದ್ದಳು. ತಿಪಟೂರಿನವರಿಗೆ ಕೊಬ್ಬರಿಗೇನು ಬರ. ಕೈ ಜೇಬಿಗೆ ಹೋಗುವುದನ್ನು ನಿಲ್ಲಿಸಲು ಆಗಲಿಲ್ಲ, ಆದ್ದರಿಂದ ಜೇಬಿನಲ್ಲಿ ಇರುವುದನ್ನು ಬದಲಾಯಿಸಿದೆವು. ಟೀ ಕುಡಿದರೆ ಗುಟ್ಕಾ ನೆನಪಾಗುತ್ತಿತ್ತು, ಹಾಗಾಗಿ ಆರು ತಿಂಗಳು ಟೀ ಬದಲು ಮಜ್ಜಿಗೆ. ಕಂಡಕ್ಟರ್‌ಗಳಿಗೆಲ್ಲ ಹೇಳಿಟ್ಟೆ, ಕೇಳಿದರೂ ಕೊಡಬೇಡಿ ಅಂತ. ಒಬ್ಬ ಮಾತ್ರ ಕೊಟ್ಟ. ಅವನ ಜೊತೆ ಎರಡು ತಿಂಗಳು ಮಾತು ಬಿಟ್ಟೆ.

ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನಕ್ಷತ್ರದ ಪಕ್ಕ ಹೆಂಡತಿ ದಿನಾ ರಾತ್ರಿ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಿದ್ದಳು. ಕಡೂರಿನಲ್ಲಿ ಒಂದು ಮದುವೆಯಲ್ಲಿ ನಾನು ಜಾರಿದೆ, ಒಂದು ಹಾಕಿದೆ. ಹಿಂದಿನ ಸಲದ ಹಾಗೆ ಎಲ್ಲ ಮುಗಿಯಿತು ಅಂತ ಮುಖ ಒಣಗಿಸಿಕೊಂಡು ಮನೆಗೆ ಬಂದೆ. ಅವಳು ಆ ದಿನದ ಚೌಕ ಖಾಲಿ ಬಿಟ್ಟಳು. ಮಾರನೆಯ ದಿನದ ಚೌಕದಲ್ಲಿ ಮತ್ತೆ ಗೀಟು ಹಾಕಿದಳು. ಒಂದರಿಂದ ಶುರು ಮಾಡಲಿಲ್ಲ. ಅಷ್ಟೇ.

ಮುಂದಿನ ಯುಗಾದಿ ಹೊತ್ತಿಗೆ, ಸುಮಾರು 140 ಗೀಟು ಆದ ಮೇಲೆ, ಒಂದು ಸಂಜೆ ಅಂಗಿ ತೆಗೆಯುವಾಗ ಕೊಬ್ಬರಿ ಪೊಟ್ಟಣ ಬಿಚ್ಚದೇ ಹಾಗೇ ಇತ್ತು. ಕೈ ಅವತ್ತು ಜೇಬಿಗೆ ಹೋಗಿರಲೇ ಇಲ್ಲ. ನನಗೆ ಆಗ 53 ವರ್ಷ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುವವರು ನಮ್ಮ ಮನೆಗೆ ಬಂದು ಆ ಹಳೇ ಕ್ಯಾಲೆಂಡರ್ ನೋಡಲಿ. ಹೆಂಡತಿ ಇನ್ನೂ ಬೀರುವಿನಲ್ಲಿ ಇಟ್ಟಿದ್ದಾಳೆ. ಅದೇ 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧ ಮಾಡಿತು. ನಾನು ಬಿಟ್ಟೆ ಅಂತ ಸರ್ಕಾರಕ್ಕೂ ಧೈರ್ಯ ಬಂತು ಅಂತ ಡಿಪೋದಲ್ಲಿ ತಮಾಷೆ ಮಾಡುತ್ತಿದ್ದರು. ಆಮೇಲೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಒಂದೇ ಪಾಕೆಟ್ ಇದ್ದದ್ದು ಎರಡಾಯಿತು. ಪಾನ್ ಮಸಾಲೆ ಒಂದರಲ್ಲಿ, ತಂಬಾಕು ಇನ್ನೊಂದರಲ್ಲಿ. ಅಂಗೈಯಲ್ಲಿ ಬೆರೆಸಿಕೊಳ್ಳುವ ಹೊಸ ಅಭ್ಯಾಸವನ್ನು ಜನ ಕಲಿತರು.

ಈಗ ನಿಮ್ಮ 21ರ ವಿಷಯ. ನನ್ನ ಮಗಳ ಮಗ ಮೈಸೂರಿನಲ್ಲಿ ಮನಃಶಾಸ್ತ್ರ ಓದುತ್ತಿದ್ದಾನೆ. ಆ ಹುಡುಗನ ಕಥೆ ಹೇಳಿ ಇವನನ್ನು ವಿಚಾರಿಸಿದೆ. 21ರ ಮೂಲ ಅಮೆರಿಕದಲ್ಲಿದೆಯಂತೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಒಬ್ಬರು ಪ್ಲಾಸ್ಟಿಕ್ ಸರ್ಜನ್ ಇದ್ದರು. ಮೂಗು ಸರಿಮಾಡಿಸಿಕೊಂಡವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ಒಗ್ಗಲು ಕನಿಷ್ಠ ಸುಮಾರು 21 ದಿನ ಬೇಕು ಅಂತ ಅವರು 1960ರಲ್ಲಿ ಬರೆದರು. ಅದು ಹೊಸ ಮೂಗಿನ ಲೆಕ್ಕ. ಅದೂ ಕನಿಷ್ಠ. ಆಮೇಲೆ ಒಬ್ಬರಿಂದ ಒಬ್ಬರಿಗೆ ಬರುತ್ತಾ ಬರುತ್ತಾ 'ಕನಿಷ್ಠ' ಅನ್ನುವ ಪ್ರಯಾಣಿಕ ದಾರಿಯಲ್ಲಿ ಎಲ್ಲೋ ಇಳಿದುಬಿಟ್ಟಿದ್ದಾನೆ. 21 ಮಾತ್ರ ಸೀಟು ಹಿಡಿದುಕೊಂಡು ತಿಪಟೂರಿನವರೆಗೂ ಬಂದಿದೆ.

ನಿಜವಾಗಿ ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು. ಫಿಲಿಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದರು. ತಿಂಡಿ ಆದ ಮೇಲೆ, ಊಟ ಆದ ಮೇಲೆ ಹೀಗೆ ಒಂದು ಹೊತ್ತಿಗೆ ಒಂದೇ ಹೊಸ ಕೆಲಸವನ್ನು ಅವರು ದಿನಾ ಮಾಡಬೇಕಿತ್ತು. ಅದು ಯೋಚಿಸದೇ ಆಗುವ ಹಂತಕ್ಕೆ ಬರಲು ಹಿಡಿದದ್ದು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ. 12 ವಾರ ಮೀರಿದ್ದು ಮಾತ್ರ ಅವರು ಲೆಕ್ಕ ಹಾಕಿ ಅಂದಾಜು ಮಾಡಿದ್ದು. ಮಧ್ಯದ ಲೆಕ್ಕ 66. ನೀರು ಕುಡಿಯುವಂಥದ್ದು ಬೇಗ ಒಗ್ಗಿತು, ವ್ಯಾಯಾಮ ನಿಧಾನ. ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟ ಏನೂ ಆಗಲಿಲ್ಲ. ನನ್ನ ಹೆಂಡತಿ ಆ ಖಾಲಿ ಚೌಕದಲ್ಲಿ ಮಾಡಿದ್ದು ಇದನ್ನೇ. ಅವಳು ಓದಿರುವುದು ಏಳನೇ ಕ್ಲಾಸು.

ಆದರೆ ಇದು ಹೊಸದನ್ನು ಕಲಿಯುವ ಲೆಕ್ಕ, ಹಳೆಯದನ್ನು ಬಿಡುವ ಲೆಕ್ಕ ಅಲ್ಲ ಅಂತ ಮೊಮ್ಮಗ ಎಚ್ಚರಿಸಿದ. ತಂಬಾಕು ಬರೀ ಅಭ್ಯಾಸವೂ ಅಲ್ಲ, ಅದರಲ್ಲಿ ನಿಕೋಟಿನ್ ಇದೆ, ಮೈಗೇ ಅದು ಬೇಕು ಅನಿಸುತ್ತದೆ. ಅದಕ್ಕೆ ಸಹಾಯ ಕೇಳುವುದರಲ್ಲಿ ನಾಚಿಕೆ ಇಲ್ಲ. ತಂಬಾಕು ಬಿಡುವವರಿಗೆ ಅಂತ 1800-11-2356 ನಂಬರ್ ಇದೆ, ಫೋನ್ ಮಾಡಲು ದುಡ್ಡು ಬೇಡ. ನಾನು ಬಿಡುವಾಗ ಇದು ಇರಲಿಲ್ಲ. ಅಭ್ಯಾಸದ ಬಗ್ಗೆ ಬರೆದಾಗಲೆಲ್ಲ ನೀವು ಕೆಳಗೆ ಈ ನಂಬರ್ ಹಾಕಿದರೆ ಉಪಕಾರ.

ಒಳ್ಳೆಯ ಅಭ್ಯಾಸ ಕಲಿಯುವುದೂ ಹೀಗೇ ಅಂತ ಕಾಣುತ್ತದೆ. ಹೆಂಡತಿಗೆ ಬಿ.ಪಿ. ಮಾತ್ರೆ ಬರೆದುಕೊಟ್ಟಾಗ ದಿನಾ ಮರೆಯುತ್ತಿದ್ದಳು. ಮೊಬೈಲಿನಲ್ಲಿ ಅಲಾರಂ ಇಟ್ಟರೆ ಆಫ್ ಮಾಡಿ ಮಲಗುತ್ತಿದ್ದಳು. ಆದರೆ ಮದುವೆ ಆದಾಗಿನಿಂದ ಒಂದು ದಿನವೂ ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡದೆ ಅವಳು ಕಾಫಿಗೆ ನೀರು ಇಟ್ಟಿದ್ದಿಲ್ಲ. ಮಾತ್ರೆ ಡಬ್ಬಿಯನ್ನು ರಂಗೋಲಿ ಡಬ್ಬಿಯ ಪಕ್ಕ ಇಟ್ಟೆ. ಆಮೇಲೆ ಮರೆತದ್ದು ಬೆರಳೆಣಿಕೆ.

ಇನ್ನೊಂದು ಮಾತು, ಇದು ಕೋಪದ್ದು. ನಮ್ಮ ಕಡೆ ಒಂದು ಶಾಲೆಯ ಗೇಟಿನ ಎದುರು ಗೂಡಂಗಡಿ ಇದೆ. ಚಾಕೊಲೇಟ್ ಸರದ ಪಕ್ಕದಲ್ಲೇ ತಂಬಾಕು ಪಾಕೆಟ್ ಸರ ನೇತಾಡುತ್ತದೆ. 2003ರ ಕಾಯ್ದೆ ಪ್ರಕಾರ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ನಾನು ಹೆಜ್ಜೆ ಹಾಕಿ ಅಳೆದೆ. ನಲವತ್ತು ಹೆಜ್ಜೆ. ಅಂಗಡಿಯವನಿಗೆ ಹೇಳಿದರೆ, "ನೀವು ತಿಂದಿಲ್ವಾ ಸ್ವಾಮಿ?" ಅಂದ. ತಿಂದಿದ್ದೇನೆ. ಅದಕ್ಕೇ ಹೇಳುತ್ತಿರುವುದು. ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಮಕ್ಕಳಿಗೆ ಭಾಷಣ ಮಾಡುವ ಬದಲು ಆ ಸರವನ್ನು ಅಲ್ಲಿಂದ ತೆಗೆಸುವುದು ಸುಲಭ. ಕಣ್ಣಿಗೆ ಬೀಳದ್ದು ಕೈಗೂ ನೆನಪಾಗುವುದಿಲ್ಲ.

ನಾನು ಗೆದ್ದವನು ಅಂತ ಹೇಳಿಕೊಳ್ಳುತ್ತಿಲ್ಲ. ಬಿಟ್ಟ ಮೇಲೆ ಉರಿ ಕಡಿಮೆ ಆಯಿತು, ಬಾಯಿ ಪೂರ್ತಿ ತೆರೆಯಲಿಲ್ಲ. ಇವತ್ತಿಗೂ ಮೂರನೇ ಬೆರಳು ಹೋಗುವುದಿಲ್ಲ. ಮುದ್ದೆಯನ್ನು ಗೋಲಿ ಗಾತ್ರ ಮುರಿದು ಸಾರಲ್ಲಿ ಅದ್ದಿ ನುಂಗುತ್ತೇನೆ, ಬೀಗರ ಮನೆಯಲ್ಲಿ ಊಟಕ್ಕೆ ಕೂತರೆ ನಾನೇ ಕೊನೆಗೆ ಏಳುವವನು. ಆರು ತಿಂಗಳಿಗೊಮ್ಮೆ ಬಾಯಿ ತೋರಿಸಿಕೊಂಡು ಬರುತ್ತೇನೆ. ಗುಟ್ಕಾ ಹೋಯಿತು, ಈಗ ಮೊಬೈಲು ಬಂದಿದೆ. ಬೆಳಿಗ್ಗೆ ಎದ್ದ ತಕ್ಷಣ ಕೈ ದಿಂಬಿನ ಪಕ್ಕಕ್ಕೆ ಹೋಗುತ್ತದೆ, ಅರ್ಧ ಗಂಟೆ ಯಾರ್ಯಾರೋ ಕಳಿಸಿದ ಶುಭೋದಯ ನೋಡುತ್ತೇನೆ. ಹೋದ ವಾರದಿಂದ ಚಾರ್ಜರನ್ನು ಹಿತ್ತಲ ಬಾಗಿಲ ಹತ್ತಿರ ಹಾಕಿಸಿದ್ದೇನೆ. ಎದ್ದು ಅಲ್ಲಿಯವರೆಗೆ ನಡೆಯುವಷ್ಟರಲ್ಲಿ ಹೂವಿನ ಗಿಡಕ್ಕೆ ನೀರು ಹಾಕುವುದು ನೆನಪಾಗುತ್ತದೆ. ನೋಡೋಣ, ಎಷ್ಟು ದಿನ ನಡೆಯುತ್ತದೋ.

ಆ ಗೂಡ್ಸ್ ಆಟೊ ಹುಡುಗ ತಂಬಾಕು ಬಿಡುವುದನ್ನು ಮತ್ತೆ ಶುರು ಮಾಡಿದ್ದಾನೆ. ಗ್ಲಾಸಿಗೆ ಅಂಟಿಸಿದ್ದ ನಿಮ್ಮ ಪೇಪರ್ ಕಿತ್ತು ಹಾಕಿಸಿದೆ, ತಪ್ಪು ತಿಳಿಯಬೇಡಿ. ಇವತ್ತಿಗೆ 11ನೇ ದಿನ. ಬೆಳಿಗ್ಗೆ ಬಂದು ನಮ್ಮ ಮನೆಯಿಂದ ಕೊಬ್ಬರಿ ಪೊಟ್ಟಣ ತೆಗೆದುಕೊಂಡು ಹೋದ. 22ನೇ ದಿನ ವಿಶೇಷ ಏನೂ ಆಗುವುದಿಲ್ಲ ಅಂತ ಅವನಿಗೆ ಮೊದಲೇ ಹೇಳಿಟ್ಟಿದ್ದೇನೆ.

ದಯವಿಟ್ಟು ನನ್ನ ಹೆಸರು ಹಾಕಬೇಡಿ. ನಮ್ಮ ಬೀಗರು ನಿಮ್ಮ ಪತ್ರಿಕೆಯನ್ನೇ ತರಿಸುತ್ತಾರೆ. ನನಗೆ ಹಲ್ಲುನೋವು ಅಂತ ಅವರು ಇಷ್ಟು ವರ್ಷ ನಂಬಿಕೊಂಡಿದ್ದಾರೆ.

ಇತಿ,
ನಿವೃತ್ತ ಬಸ್ ಚಾಲಕ
ತಿಪಟೂರು